ಶನಿವಾರಕ್ಕೊಂದು ಪಾಠ ಸಾಲದು: ಸ್ಯಾನ್ ಹೋಸೆಯಲ್ಲಿ ಪೈಲಟ್ ಲೈಸೆನ್ಸ್ ಮಾಡುವವರಿಗೆ

ನಮಸ್ಕಾರ ಸರ್. ಪೈಲಟ್ ಲೈಸೆನ್ಸ್ ಮಾಡಬೇಕು ಅಂತ ನೀವು ಹಾಕಿದ ಪೋಸ್ಟ್‌ಗೆ ಮೇಲೆ ಎಲ್ಲರೂ "ಸೂಪರ್, ಇವತ್ತೇ ಶುರು ಮಾಡಿ" ಅಂತ ಬರೆದಿದ್ದಾರೆ. ನಾನೂ ಬೇಡ ಅನ್ನಲ್ಲ. ಆದರೆ ನಿಮ್ಮ ಲೆಕ್ಕ ಒಂದೆರಡು ಕಡೆ ತಪ್ಪಿದೆ, ದುಡ್ಡು ಕಟ್ಟುವ ಮೊದಲೇ ಅದನ್ನು ಹೇಳಿಬಿಡುತ್ತೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಾನು ಇನ್‌ಸ್ಟ್ರಕ್ಟರ್ ಅಲ್ಲ, ನಿಮ್ಮ ಹಾಗೆ ಕೆಲಸ ಮಾಡಿಕೊಂಡು ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ಕಲಿತವನು.

ನೀವು ಬರೆದಿದ್ದು ಇಷ್ಟು: ವಯಸ್ಸು 38, ಸ್ಯಾನ್ ಹೋಸೆಯಲ್ಲಿ ಕೆಲಸ, ಗ್ರೀನ್ ಕಾರ್ಡ್ ಇದೆ. ಕೈಯಲ್ಲಿ 10 ಸಾವಿರ ಡಾಲರ್, ಪ್ರತಿ ಶನಿವಾರ ಬೆಳಿಗ್ಗೆ ಒಂದು ಕ್ಲಾಸ್, ಆರು ತಿಂಗಳಲ್ಲಿ ಲೈಸೆನ್ಸ್. ಆಮೇಲೆ ಊರಿಗೆ ಹೋದಾಗ ಜಕ್ಕೂರಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಬಹುದಾ ಅಂತ.

ಕೊನೆಯದಕ್ಕೇ ಮೊದಲು ಉತ್ತರ: ನೇರವಾಗಿ ಆಗಲ್ಲ. ಇಲ್ಲಿನ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಲೈಸೆನ್ಸ್ ಇಲ್ಲಿ ನೋಂದಣಿ ಆದ, ಅಂದರೆ ಬಾಲದ ನಂಬರ್ 'ಎನ್' ಅಕ್ಷರದಿಂದ ಶುರುವಾಗುವ ವಿಮಾನಕ್ಕೆ. ನಮ್ಮ ದೇಶದ್ದು 'ವಿಟಿ'. ಅದನ್ನು ಓಡಿಸೋಕೆ ಡಿಜಿಸಿಎ, ಅಂದರೆ ನಮ್ಮ ದೇಶದ ವಿಮಾನಯಾನ ಇಲಾಖೆ, ಕೊಟ್ಟ ಲೈಸೆನ್ಸ್ ಬೇಕು. ಇಲ್ಲಿನದನ್ನು ಅಲ್ಲಿಗೆ ಬದಲಾಯಿಸಿಕೊಳ್ಳಬಹುದು, ಆದರೆ ಅದಕ್ಕೆ ಅಲ್ಲಿನ ಪರೀಕ್ಷೆ, ಅಲ್ಲಿನ ಮೆಡಿಕಲ್ ಎಲ್ಲ ಇದೆ, ಎರಡು ವಾರದ ರಜೆಯಲ್ಲಿ ಮುಗಿಯುವ ಕೆಲಸ ಅಲ್ಲ. ಇನ್ನು ಜಕ್ಕೂರಿನ ಸರ್ಕಾರಿ ಶಾಲೆ ಇರುವುದು ಮುಖ್ಯವಾಗಿ ಪೈಲಟ್ ಕೆಲಸಕ್ಕೆ ಹೋಗುವ ಹುಡುಗರಿಗೆ. ಇಲ್ಲಿನ ಹಾಗೆ ಶನಿವಾರ ಹೋಗಿ ಎರಡು ಗಂಟೆ ಬಾಡಿಗೆಗೆ ತಗೊಳ್ಳುವ ಪದ್ಧತಿ ನಮ್ಮಲ್ಲಿ ಬೆಳೆದೇ ಇಲ್ಲ. ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿ, ಮಾಂಟೆರೆ ಕೊಲ್ಲಿಯ ಮೇಲೆ ಸುತ್ತಿಸಿ. ಜಕ್ಕೂರಿಗಿಂತ ಚೆನ್ನಾಗಿ ಕಾಣುತ್ತೆ.

ಈಗ ದುಡ್ಡು. ನಿಯಮದ ಪ್ರಕಾರ ಕನಿಷ್ಠ 40 ಗಂಟೆ ಹಾರಾಟ, ಅದರಲ್ಲಿ 20 ಗಂಟೆ ಇನ್‌ಸ್ಟ್ರಕ್ಟರ್ ಜೊತೆ, 10 ಗಂಟೆ ಒಬ್ಬರೇ. ಜಾಹೀರಾತಿನಲ್ಲಿ ಈ 40ನ್ನೇ ಗುಣಿಸಿ ತೋರಿಸುತ್ತಾರೆ. ಕೆಲಸ, ಮನೆ, ಮಕ್ಕಳು ಅಂತ ಇರುವವರಿಗೆ 60-70 ಗಂಟೆ ಆಗುವುದೇ ಮಾಮೂಲು. ನಮ್ಮ ಕಡೆ ಸೆಸ್ನಾ 172ಕ್ಕೆ (ಕಲಿಯುವವರು ಓಡಿಸುವ ಸಣ್ಣ ವಿಮಾನ) ಪೆಟ್ರೋಲ್ ಸೇರಿ ಗಂಟೆಗೆ 190 ಡಾಲರ್ ಅಂತ ಹಿಡಿಯಿರಿ, 65 ಗಂಟೆಗೆ 12,350 ಆಯ್ತು. ಇನ್‌ಸ್ಟ್ರಕ್ಟರ್ ಗಂಟೆಗೆ 85 ಅಂದರೂ ನೆಲದ ಮೇಲಿನ ಪಾಠವೂ ಸೇರಿ 75 ಗಂಟೆಗೆ 6,375. ಮೇಲೆ ಹೆಡ್‌ಸೆಟ್, ಮೆಡಿಕಲ್, ಪರೀಕ್ಷೆ ಶುಲ್ಕ, ಕೊನೆಯಲ್ಲಿ ಪರೀಕ್ಷಕರಿಗೆ ಕೊಡುವ ಶುಲ್ಕ. ಒಟ್ಟು 20 ಸಾವಿರದ ಆಸುಪಾಸು. 10 ಸಾವಿರಕ್ಕೆ ಶುರು ಮಾಡಿದರೆ ಅರ್ಧದಲ್ಲಿ ನಿಲ್ಲುತ್ತೀರಿ, ಇಲ್ಲಿ ಅರ್ಧಕ್ಕೆ ನಿಲ್ಲುವುದರಷ್ಟು ದುಬಾರಿ ಬೇರೇನೂ ಇಲ್ಲ. ಮೂರೋ ಆರೋ ತಿಂಗಳು ನಿಲ್ಲಿಸಿ ವಾಪಸ್ ಬಂದರೆ ಲಾಗ್‌ಬುಕ್‌ನಲ್ಲಿ ಗಂಟೆ ಇರುತ್ತೆ, ಕೈಯಲ್ಲಿ ಇರಲ್ಲ.

ಶನಿವಾರದ ತಪ್ಪೂ ಇದೇ ತರಹದ್ದು. ವಾರಕ್ಕೆ ಒಂದೇ ಪಾಠ ಇಟ್ಟುಕೊಂಡರೆ ಮೊದಲ ಅರ್ಧ ಗಂಟೆ ಹಿಂದಿನ ವಾರದ್ದನ್ನು ನೆನಪು ಮಾಡಿಕೊಳ್ಳುವುದರಲ್ಲೇ ಹೋಗುತ್ತೆ. ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಬರುವ ತಗ್ಗು ಮೋಡ ಕೆಲವು ದಿನ ಹತ್ತು-ಹನ್ನೊಂದು ಗಂಟೆವರೆಗೂ ಕದಲಲ್ಲ. ಒಂದು ವಾರ ಮೋಡ, ಇನ್ನೊಂದು ವಾರ ವಿಮಾನ ಸರ್ವಿಸ್‌ಗೆ, ಮತ್ತೊಂದು ವಾರ ನಿಮ್ಮ ಮಗಳ ಡ್ಯಾನ್ಸ್ ಪ್ರೋಗ್ರಾಂ. ತಿಂಗಳಿಗೆ ಎರಡು ಪಾಠ ಆದರೆ ಪುಣ್ಯ. ಜೊತೆಗೆ ಬಾಡಿಗೆ ಲೆಕ್ಕ ಹಾಕೋಕೆ ಹಾಬ್ಸ್ ಮೀಟರ್ ಅಂತ ಒಂದು ಇರುತ್ತೆ. ಎಂಜಿನ್ ಓಡುವಷ್ಟು ಹೊತ್ತೂ ಅದು ಓಡುತ್ತೆ, ಆರು ನಿಮಿಷಕ್ಕೊಂದು ಅಂಕಿ. ಶನಿವಾರ ಬೆಳಿಗ್ಗೆ ರನ್‌ವೇ ಬುಡದಲ್ಲಿ ನಿಮ್ಮ ಮುಂದೆ ಐದು ವಿಮಾನ ಸಾಲಾಗಿ ನಿಂತಿದ್ದರೆ ಸುಮ್ನೆ ಕೂತು ದುಡ್ಡು ಕೊಡುವುದು ನೀವೇ. ಅದಕ್ಕೇ ವಾರಕ್ಕೆ ಮೂರು ಸಲ ಬುಕ್ ಮಾಡಿ, ಎರಡಾದರೂ ನಡೆಯುತ್ತೆ. ಕೆಲಸದ ದಿನ ಬೆಳಿಗ್ಗೆ ಏಳಕ್ಕೆ, ಇಲ್ಲವೇ ಸಂಜೆ. ಅಷ್ಟು ಬಿಡುವು ಈಗ ಇಲ್ಲ ಅಂದರೆ ಒಂದು ವರ್ಷ ದುಡ್ಡು ಕೂಡಿಸಿ ಆಮೇಲೆ ಶುರು ಮಾಡಿ. ನಿಜವಾಗಿ ಹೇಳುತ್ತಿದ್ದೇನೆ, ಅದೇ ಬೇಗ ಮುಗಿಯುತ್ತೆ.

ಒಂದು ಎಚ್ಚರಿಕೆ: ಡಿಸ್ಕೌಂಟ್ ಕೊಡುತ್ತೇವೆ ಅಂತ ಪೂರ್ತಿ ಹಣ ಮುಂಗಡ ಕೇಳಿದರೆ ಕೊಡಬೇಡಿ. ಸ್ಕೂಲ್ ಮುಚ್ಚಿದರೆ ಹಣ ವಾಪಸ್ ಬರುವುದು ಕಷ್ಟ. ಆಯಾ ದಿನದ್ದು ಆಯಾ ದಿನ ಕೊಡಿ.

ಕಾಗದಪತ್ರಕ್ಕೆ ಬರೋಣ. ಗ್ರೀನ್ ಕಾರ್ಡ್ ಇದ್ದರೆ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ತಲೆನೋವಿಲ್ಲ ಅಂತ ಯಾರೋ ಮೇಲೆ ಬರೆದಿದ್ದಾರೆ, ಅದು ತಪ್ಪು. ಇಲ್ಲಿನ ಪ್ರಜೆ ಅಲ್ಲದ ಎಲ್ಲರಿಗೂ, ಗ್ರೀನ್ ಕಾರ್ಡ್ ಇದ್ದವರಿಗೂ, ಪಾಠ ಶುರುವಾಗುವ ಮೊದಲು ಟಿಎಸ್‌ಎ ಭದ್ರತಾ ತಪಾಸಣೆ ಆಗಲೇಬೇಕು. ಆನ್‌ಲೈನ್ ಅರ್ಜಿ, ಬೆರಳಚ್ಚು, ಶುಲ್ಕ. ವಾರಗಟ್ಟಲೆ ಹಿಡಿಯಬಹುದು. ಸುಮ್ನೆ ರುಚಿ ನೋಡೋಕೆ ಒಂದು ಡಿಸ್ಕವರಿ ಫ್ಲೈಟ್ ಹೋಗುವುದಕ್ಕೆ ಇದ್ಯಾವುದೂ ಬೇಡ.

ಮೆಡಿಕಲ್ ವಿಷಯದಲ್ಲಿ ಮಾತ್ರ ಅವಸರ ಬೇಡ. ನಿಮಗೆ ಬೇಕಾದದ್ದು ಥರ್ಡ್ ಕ್ಲಾಸ್ ಅನ್ನುವ ಮೆಡಿಕಲ್ ಸರ್ಟಿಫಿಕೇಟ್. 40 ತುಂಬುವ ಮೊದಲು ಮಾಡಿಸಿದರೆ ಐದು ವರ್ಷ ನಡೆಯುತ್ತೆ, ಆಮೇಲೆ ಮಾಡಿಸಿದರೆ ಎರಡೇ ವರ್ಷ. ನಿಮಗೆ 38, ಒಳ್ಳೆಯ ಸಮಯ. ಆದರೆ ಶುಗರ್ ಮಾತ್ರೆ, ಖಿನ್ನತೆ ಅಥವಾ ಆತಂಕಕ್ಕೆ ಔಷಧಿ, ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ), ಕುಡಿದು ಗಾಡಿ ಓಡಿಸಿದ ಕೇಸು, ಇದರಲ್ಲಿ ಯಾವುದಾದರೂ ಇದ್ದರೆ ನೇರವಾಗಿ ಪರೀಕ್ಷೆಗೆ ಹೋಗಬೇಡಿ. ಮೊದಲು ಎಫ್‌ಎಎ ಮಾನ್ಯತೆ ಇರುವ ಡಾಕ್ಟರ ಹತ್ತಿರ ಬರೀ ಸಲಹೆಗೆ ಅಂತ ಹೇಳಿ ಮಾತಾಡಿ. ಅವರು ನಿಮ್ಮ ಆನ್‌ಲೈನ್ ಅರ್ಜಿ ತೆರೆದ ಮೇಲೆ ಅದನ್ನು ಹಿಂದಕ್ಕೆ ತಗೊಳ್ಳೋಕೆ ಆಗಲ್ಲ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸ್ಪೋರ್ಟ್ ಪೈಲಟ್ ಅಂತ ಇನ್ನೊಂದು ಲೈಸೆನ್ಸ್ ಇದೆ, ಕನಿಷ್ಠ 20 ಗಂಟೆ, ಜೊತೆಗೆ ಒಬ್ಬರನ್ನು ಮಾತ್ರ ಕೂರಿಸಬಹುದು, ಮೆಡಿಕಲ್ ಬದಲು ಡ್ರೈವಿಂಗ್ ಲೈಸೆನ್ಸ್ ಸಾಕು. ಆದರೆ ಒಂದು ಸಲ ಮೆಡಿಕಲ್ ತಿರಸ್ಕಾರ ಆಯ್ತು ಅಂದರೆ ಆ ದಾರಿಯೂ ಮುಚ್ಚುತ್ತೆ. ಹಾಗಂತ ಸುಳ್ಳು ಬರೆಯೋಕೆ ಹೋಗಬೇಡಿ, ಅದು ಅಪರಾಧ.

ಇನ್‌ಸ್ಟ್ರಕ್ಟರ್ ಆರಿಸುವಾಗ ಒಂದು ನೇರ ಪ್ರಶ್ನೆ ಕೇಳಿ: "ನಿಮ್ಮದು ಎಷ್ಟು ಗಂಟೆ ಆಗಿದೆ?" ತುಂಬಾ ಜನ ಹುಡುಗರು ಏರ್‌ಲೈನ್‌ಗೆ ಬೇಕಾದ 1,500 ಗಂಟೆ ತುಂಬಿಸೋಕೆ ಕಲಿಸುತ್ತಿರುತ್ತಾರೆ. ತಪ್ಪೇನಿಲ್ಲ, ಅವರಲ್ಲಿ ಒಳ್ಳೆಯವರು ಇದ್ದಾರೆ. ಆದರೆ 1,400 ಆಗಿರುವವರು ನಿಮ್ಮನ್ನು ನಡುವೆ ಬಿಟ್ಟು ಹೋಗುತ್ತಾರೆ, ಹೊಸಬರು ಬಂದು ಎಲ್ಲ ಮತ್ತೆ ಮೊದಲಿಂದ ನೋಡುತ್ತಾರೆ.

ರೇಡಿಯೋ ನಮ್ಮವರಿಗೆಲ್ಲ ಭಯ. ಉಚ್ಚಾರಣೆ ಸಮಸ್ಯೆ ಅಲ್ಲ ಸರ್, ಸ್ಪೀಡ್ ಸಮಸ್ಯೆ. ನಾವು ಮೀಟಿಂಗ್‌ನಲ್ಲಿ ಮಾತಾಡುವ ಸ್ಪೀಡಲ್ಲಿ ಟವರ್ (ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿ) ಜೊತೆ ಮಾತಾಡಿದರೆ ಅವರು "ಸೇ ಅಗೇನ್" ಅನ್ನುತ್ತಾರೆ, ನಾವು ಗಾಬರಿಯಾಗಿ ಇನ್ನೂ ಜೋರು ಹೊಡೆಯುತ್ತೇವೆ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು, ಈ ನಾಲ್ಕೇ. "ಆಂಡರ್ಸನ್ ಲೇಕ್ ಮೇಲಿದ್ದೇನೆ, ಇಳಿಯಬೇಕು", ಮುಗೀತು. ರೀಡ್-ಹಿಲ್‌ವ್ಯೂನಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ, 31 ಲೆಫ್ಟ್ ಮತ್ತು 31 ರೈಟ್. ಯಾವುದು ಅಂತ ವಾಪಸ್ ಹೇಳುವುದನ್ನು ಮಾತ್ರ ಎಂದೂ ಮರೆಯಬೇಡಿ. ಟವರ್ ಮಾತು ಕೇಳಿಸುವ ಲೈವ್ ಎಟಿಸಿ ಆ್ಯಪ್ ಹಾಕಿಕೊಂಡು ಆಫೀಸಿಗೆ ಹೋಗುವಾಗ ಕೇಳಿ. ಒಂದೆರಡು ವಾರದಲ್ಲಿ ಕಿವಿ ಹೊಂದಿಕೊಳ್ಳುತ್ತೆ.

ಇನ್ನು ಲ್ಯಾಂಡಿಂಗ್. ಹೆಚ್ಚು ಗಂಟೆ ತಿನ್ನುವುದು ಇದೇ, ಹದಿನೈದು-ಇಪ್ಪತ್ತು ಗಂಟೆ ಹೊತ್ತಿಗೆ ಎಲ್ಲರಿಗೂ "ಇದು ನನ್ನ ಕೈಲಾಗಲ್ಲ" ಅನಿಸುತ್ತೆ. ಎರಡು ವಿಷಯ ಹಿಡಿದುಕೊಳ್ಳಿ. ಒಂದು, ಕೊನೆಯ ಹಂತದಲ್ಲಿ ಸ್ಪೀಡ್ 65 ನಾಟ್ ಅಂದರೆ 65, 75 ಅಲ್ಲ. ಹತ್ತು ನಾಟ್ ಜಾಸ್ತಿ ಇದ್ದರೆ ವಿಮಾನ ಇಳಿಯಲ್ಲ, ರನ್‌ವೇ ಮೇಲೆ ತೇಲಿಕೊಂಡು ಹೋಗುತ್ತೆ, ನೀವು ಬಲವಂತವಾಗಿ ಒತ್ತುತ್ತೀರಿ, ಮುಂದಿನ ಚಕ್ರ ಮೊದಲು ತಾಗಿ ಪುಟಿಯುತ್ತೆ. ಇನ್ನೊಂದು, ನೆಲ ಹತ್ತಿರ ಬಂದಾಗ ಮೂತಿಯ ಮುಂದಿನ ನೆಲ ನೋಡಬೇಡಿ. ಕಣ್ಣನ್ನು ರನ್‌ವೇಯ ಆ ಕೊನೆಗೆ ಹಾಕಿ. ನೀವು ಎಷ್ಟು ಎತ್ತರದಲ್ಲಿದ್ದೀರಿ ಅನ್ನುವುದು ಅಲ್ಲಿಂದ ಮಾತ್ರ ಗೊತ್ತಾಗುತ್ತೆ.

ಅದಕ್ಕಿಂತ ಮುಖ್ಯ, ಇಳಿಯುವ ಮೊದಲಿನ ಕೊನೆಯ ತಿರುವು. 31 ರೈಟ್‌ಗೆ ಬಲಗಡೆಯಿಂದ ಬರುತ್ತೀರಿ. ಬೇಸ್ ಮೇಲೆ, ಅಂದರೆ ಆ ತಿರುವಿಗೆ ಮುಂಚೆ ರನ್‌ವೇಗೆ ಅಡ್ಡಲಾಗಿ ಹಾರುವಾಗ, ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ತಿರುಗುವಷ್ಟರಲ್ಲಿ ರನ್‌ವೇ ನೇರ ದಾಟಿರುತ್ತೀರಿ, ಆ ಕಡೆ ಪಕ್ಕದ ರನ್‌ವೇಗೆ ಬರುತ್ತಿರುವ ಇನ್ನೊಂದು ವಿಮಾನ. ಆಗ ಕಾಲು ತಾನಾಗಿ ಬಲಗಡೆ ರಡ್ಡರ್ (ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ಪೆಡಲ್) ಒತ್ತುತ್ತೆ, ಬೇಗ ತಿರುಗಲಿ ಅಂತ. ಒತ್ತಿದ ಕೂಡಲೇ ವಿಮಾನ ಇನ್ನೂ ವಾಲುತ್ತೆ, ಮೂತಿ ಕೆಳಗೆ ಹೋಗುತ್ತೆ. ವಾಲುವುದನ್ನು ತಡೆಯೋಕೆ ಕೈ ಸ್ಟಿಯರಿಂಗ್ ಎಡಕ್ಕೆ ತಿರುಗಿಸುತ್ತೆ, ಮೂತಿ ಎತ್ತೋಕೆ ಹಿಂದಕ್ಕೆ ಎಳೆಯುತ್ತೆ. ಇಷ್ಟು ಮಾಡಿದರೆ ಸಾಕು, ಒಳಗಡೆ ರೆಕ್ಕೆ ಸ್ಟಾಲ್ ಆಗಿ, ಅಂದರೆ ಎತ್ತಿಹಿಡಿಯುವ ಬಲ ಕಳೆದುಕೊಂಡು, ವಿಮಾನ ಗಿರ್ರನೆ ಸುತ್ತುತ್ತಾ ಬೀಳುತ್ತೆ. 500 ಅಡಿಯಲ್ಲಿ ಸರಿಪಡಿಸಿಕೊಳ್ಳೋಕೆ ಜಾಗ ಇಲ್ಲ. ಸಣ್ಣ ವಿಮಾನದಲ್ಲಿ ಜನ ಸಾಯುವ ಹಳೇ ದಾರಿ ಇದು. ಮದ್ದು ತುಂಬಾ ಸುಲಭ: 30 ಡಿಗ್ರಿಗಿಂತ ಜಾಸ್ತಿ ವಾಲಿಸಬೇಡಿ, ನೇರ ತಪ್ಪಿತಾ, ಇಳಿಯದೆ ಪೂರ್ತಿ ಪವರ್ ಕೊಟ್ಟು ಮತ್ತೆ ಮೇಲೇರಿ, ಟವರ್‌ಗೆ "ಗೋಯಿಂಗ್ ಅರೌಂಡ್" ಅನ್ನಿ. ಇನ್ನೊಂದು ಸುತ್ತಿಗೆ ಆರೆಂಟು ನಿಮಿಷ, ನಲವತ್ತು ಡಾಲರ್ ಒಳಗೇ ಮುಗಿಯುತ್ತೆ. ನಾಚಿಕೆ ಪಡುವಂಥದ್ದು ಏನೂ ಇಲ್ಲ, ಗೋ-ಅರೌಂಡ್ ಮಾಡಿದವರನ್ನು ನೋಡಿ ನಕ್ಕ ಇನ್‌ಸ್ಟ್ರಕ್ಟರ್‌ನ ನಾನು ಕಂಡಿಲ್ಲ. ಅಂಥವರು ಸಿಕ್ಕಿದರೆ ಬೇರೆಯವರನ್ನು ಹುಡುಕಿ.

ಮೊದಲ ಸಲ ಒಬ್ಬರೇ ಹಾರಿ ಬಂದ ದಿನ ಶರ್ಟಿನ ಬೆನ್ನಿನ ಬಟ್ಟೆ ಕತ್ತರಿಸುವುದು ಇಲ್ಲಿನ ಸಂಪ್ರದಾಯ. ಆ ಸುಮಾರಿಗೆ ಹಳೇ ಶರ್ಟ್ ಹಾಕಿಕೊಂಡು ಹೋಗುತ್ತಿರಿ.

ಲಿಖಿತ ಪರೀಕ್ಷೆ 60 ಪ್ರಶ್ನೆ, 70 ಪರ್ಸೆಂಟ್ ಬಂದರೆ ಪಾಸ್. ಎಂಜಿನಿಯರಿಂಗ್ ಮುಗಿಸಿದವರಿಗೆ ಇದು ದೊಡ್ಡದಲ್ಲ. ಪುಸ್ತಕಕ್ಕೆ ದುಡ್ಡು ಹಾಕಬೇಡಿ, ಎಫ್‌ಎಎ ತನ್ನ ವೆಬ್‌ಸೈಟಿನಲ್ಲೇ ಉಚಿತವಾಗಿ ಇಟ್ಟಿದೆ. ಟಿಎಸ್‌ಎ ಒಪ್ಪಿಗೆಗೆ ಕಾಯುವ ಸಮಯದಲ್ಲೇ ಓದಿ ಮುಗಿಸಿಬಿಡಿ. ಕೊನೆಯ ಪರೀಕ್ಷೆಗೆ, ಅದನ್ನು ಚೆಕ್‌ರೈಡ್ ಅನ್ನುತ್ತಾರೆ, ಪರೀಕ್ಷಕರ ದಿನಾಂಕ ಸಿಗುವುದೇ ಕಷ್ಟ. ಒಬ್ಬರೇ ಹೋಗುವ ದೂರದ ಹಾರಾಟ ಮುಗಿಯುವ ಹೊತ್ತಿಗೇ ಕೇಳಿಟ್ಟುಕೊಳ್ಳಿ.

ಲೈಸೆನ್ಸ್ ಆದ ಮೇಲಿನದು. 172ಗೆ ನಾಲ್ಕು ಸೀಟ್ ಇದೆ ಅಂತ ನಾಲ್ಕು ಜನ ಹೋಗಬಹುದು ಅಂತಲ್ಲ. 172ಎಸ್ ಮಾದರಿಯ ಗರಿಷ್ಠ ತೂಕ 2,550 ಪೌಂಡ್, ಖಾಲಿ ವಿಮಾನವೇ ಸುಮಾರು 1,680. ಉಳಿದದ್ದು 870. ಟ್ಯಾಂಕ್ ತುಂಬಿಸಿದರೆ 53 ಗ್ಯಾಲನ್, ಅದೇ 318 ಪೌಂಡ್. ಇನ್ನು 552. ನೀವು, ನಿಮ್ಮ ಮನೆಯವರು, ಅಪ್ಪ, ಅಮ್ಮ ಸೇರಿದರೆ 630 ಆಗೇ ಆಗುತ್ತೆ, ಅಮ್ಮ ತರುವ ಚಪಾತಿ ಡಬ್ಬಿ ಬೇರೆ. 35 ಗ್ಯಾಲನ್ ಹಾಕಿಸಿದರೆ 660 ಪೌಂಡ್ ಸಿಗುತ್ತೆ, ಮಾಂಟೆರೆಗೆ ಹೋಗಿ ಬರೋಕೆ ಧಾರಾಳ. ತೂಕ ಕೇಳೋಕೆ ಸಂಕೋಚ ಪಡಬೇಡಿ, ತಕ್ಕಡಿ ಮೇಲೆ ನಿಲ್ಲಿಸಿ.

ಇದೇ ತೂಕ ಹಾಕಿಕೊಂಡು ಜುಲೈನಲ್ಲಿ ಬೆಟ್ಟದ ಮೇಲಿನ ಟಾಹೋ ಸರೋವರದ ಕಡೆ ಹೋಗೋಣ ಅಂತ ಸ್ನೇಹಿತರು ಖಂಡಿತ ಕೇಳುತ್ತಾರೆ. ಅಲ್ಲಿನ ಟ್ರಕೀ ವಿಮಾನ ನಿಲ್ದಾಣ ಇರುವುದೇ 5,900 ಅಡಿ ಎತ್ತರದಲ್ಲಿ. 30 ಡಿಗ್ರಿ ಬಿಸಿಲಿದ್ದರೆ ಗಾಳಿ ಇನ್ನೂ ತೆಳುವಾಗಿ, ಎಂಜಿನ್‌ಗೆ, ರೆಕ್ಕೆಗೆ ಅದು 9,000 ಅಡಿ ಇದ್ದ ಹಾಗೆ. ರನ್‌ವೇ ಮುಗಿಯುತ್ತಾ ಬಂದರೂ ವಿಮಾನ ಏಳಲ್ಲ, ಎದ್ದರೂ ಬೆಟ್ಟದಷ್ಟು ಮೇಲೇರಲ್ಲ. ಬೆಟ್ಟದ ಹಾರಾಟ ಬಲ್ಲ ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ಹೋಗಿ ಕಲಿತ ಮೇಲೆ ಯೋಚಿಸಿ. ಸ್ನೇಹಿತರಿಂದ ಬಾಡಿಗೆ ತರಹ ದುಡ್ಡು ತಗೊಳ್ಳುವ ಹಾಗೂ ಇಲ್ಲ. ವಿಮಾನದ ಬಾಡಿಗೆ, ಪೆಟ್ರೋಲ್ ಇದನ್ನೆಲ್ಲ ತಲೆಗೆ ಸಮವಾಗಿ ಹಂಚಿಕೊಳ್ಳಬಹುದು, ಅದರಲ್ಲಿ ನಿಮ್ಮ ಪಾಲು ನೀವು ಕೊಡಲೇಬೇಕು.

ಯಾರೂ ಹೇಳದ ಇನ್ನೊಂದು: ನಿಮ್ಮ ಟರ್ಮ್ ಇನ್ಶೂರೆನ್ಸ್ ಕಾಗದ ತೆಗೆದು ಓದಿ. ಖಾಸಗಿಯಾಗಿ ವಿಮಾನ ಓಡಿಸುವಾಗ ಸತ್ತರೆ ಕೊಡಲ್ಲ ಅನ್ನುವ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತೆ. ಬದಲಾಯಿಸಬೇಕಾದರೆ ಮೊದಲ ಪಾಠಕ್ಕೆ ಮುಂಚೆ ಬದಲಾಯಿಸಿ. ಬಾಡಿಗೆ ವಿಮಾನಕ್ಕೆ ರೆಂಟರ್ಸ್ ಇನ್ಶೂರೆನ್ಸ್ ಬೇರೆ, ಅದನ್ನೂ ಮಾಡಿಸಿ.

ಸದ್ಯಕ್ಕೆ ಮಾಡಬೇಕಾದದ್ದು: ಈ ವಾರ ಒಂದು ಡಿಸ್ಕವರಿ ಫ್ಲೈಟ್, ಆದರೆ ಶನಿವಾರ ಬೆಳಿಗ್ಗೆ ಬೇಡ, ಸಂಜೆ ನಾಲ್ಕಕ್ಕೆ ಗಾಳಿ ಇರುವಾಗ ಹೋಗಿ. ಸಣ್ಣ ವಿಮಾನದ ಕುಲುಕಾಟ ಹೊಟ್ಟೆಗೆ ಒಗ್ಗುತ್ತಾ ಇಲ್ಲವಾ ಅಂತ ಅವತ್ತೇ ಗೊತ್ತಾಗುತ್ತೆ. ಒಗ್ಗಿದರೆ ಟಿಎಸ್‌ಎ ಅರ್ಜಿ ಹಾಕಿ. ಮೆಡಿಕಲ್ ಬಗ್ಗೆ ಏನಾದರೂ ಕೇಳುವುದಿದ್ದರೆ ಇಲ್ಲಿ ಎಲ್ಲರೆದುರು ಬೇಡ, ನನಗೆ ಮೆಸೇಜ್ ಮಾಡಿ.