ಹಕ್ಕಿ ನೋಡ್ತಾ ಕೂರೋದು ಟೈಮ್ ವೇಸ್ಟಾ?

ಓದುಗರ ಪತ್ರ: ನಾನು ನಿವೃತ್ತ ಶಿಕ್ಷಕಿ. ನಮ್ಮನೆಯವರು ತೀರಿಕೊಂಡ ಮೇಲೆ ಬೆಳಿಗ್ಗೆ ಟೀ ಹಿಡಿದು ಅಂಗಳದಲ್ಲಿ ಕೂತು ಹಕ್ಕಿ ನೋಡೋದೊಂದೇ ನನಗೆ ಸಮಾಧಾನ. ಮಗ 'ಸುಮ್ನೆ ಟೈಮ್ ವೇಸ್ಟ್' ಅಂತಾನೆ. ಎಲೆ ಬಿದ್ದು ಗಲೀಜಾಗುತ್ತೆ, ಟೈಲ್ಸ್ ಹಾಕಿಸೋಣ ಅಂತಾನೆ. ಬಾಗಿಲ ಪಕ್ಕದ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿದೆ. ಏನು ಮಾಡಲಿ? ದಿನಾ ಮಂಡಕ್ಕಿ ಹಾಕ್ತೀನಿ, ಸರಿನಾ? ಮೊಮ್ಮಗಳಿಗೆ ಗಿಳಿ ಬೇಕಂತೆ.
– ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಮೊದಲು ನಿಮ್ಮ ಮಗನಿಗೆ ಉತ್ತರ ಕೊಡೋಣ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮೊಬೈಲ್ ಆ್ಯಪ್‌ನಲ್ಲಿ 1,292 ಜನರನ್ನು ದಿನಕ್ಕೆ ಹಲವು ಸಲ ವಿಚಾರಿಸಿದರು. ಈಗ ಹಕ್ಕಿ ಕಾಣ್ತಿದೆಯಾ, ದನಿ ಕೇಳ್ತಿದೆಯಾ, ಮನಸ್ಸು ಹೇಗಿದೆ ಅಂತ. ಫಲಿತಾಂಶ ಬಂದಿದ್ದು 2022ರಲ್ಲಿ. ಹಕ್ಕಿ ಕಂಡಾಗ, ಕೇಳಿದಾಗ ಮನಸ್ಸು ಹಗುರಾಗಿತ್ತು. ಆ ಹಗುರ ಕೆಲವು ಗಂಟೆ ಉಳಿದಿತ್ತು. ಖಿನ್ನತೆ ಇದ್ದವರಲ್ಲೂ ಹಾಗೇ ಇತ್ತು. ಮಗನಿಗೆ ಇಷ್ಟು ತೋರಿಸಿ, ಸಾಕು. ಆದರೆ ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಡಾಕ್ಟರ ಹತ್ತಿರ ಖಂಡಿತ ಹೋಗಿ. ಹಕ್ಕಿ ನೋಡೋದು ಅದಕ್ಕೆ ಬದಲಿ ಅಲ್ಲ.

ನನ್ನ ಮಟ್ಟಿಗೆ ಕಾರಣ ಇನ್ನೂ ಸರಳ. ದುಃಖದಲ್ಲಿ ಮನಸ್ಸು ಗಾಣದೆತ್ತಿನ ಹಾಗೆ ಒಂದೇ ಕಡೆ ಸುತ್ತುತ್ತೆ. ಸೂರಕ್ಕಿ ಬಂದರೆ ಆ ಸುತ್ತು ನಿಲ್ಲುತ್ತೆ, ಯಾಕಂದ್ರೆ ಕಣ್ಣು ಅದರ ಹಿಂದೆ ಹೋಗಲೇಬೇಕು. ಅದು ಗೂಡು ಕಟ್ಟೋದನ್ನು ನೋಡಿದ್ದೀರಾ? ಹೆಣ್ಣು ಹಕ್ಕಿ ಜೇಡರಬಲೆಯ ಎಳೆ ಕಚ್ಚಿಕೊಂಡು ಬರುತ್ತೆ. ತೆಳ್ಳನೆ ಕೊಂಬೆಯ ತುದಿಗೋ ತೂಗುಬಿದ್ದ ವೈರಿಗೋ ಸುತ್ತುತ್ತೆ. ನಾರು, ಒಣ ಎಲೆ, ತೊಗಟೆ ಚೂರು ಎಲ್ಲ ಅಂಟಿಸಿ ಉದ್ದನೆ ಚೀಲ ಮಾಡುತ್ತೆ. ಬಾಗಿಲ ಮೇಲೆ ಮಳೆ ಬೀಳದ ಹಾಗೆ ಪುಟ್ಟ ಸೂರು ಬೇರೆ! ದೂರದಿಂದ ನೋಡಿದರೆ ಕಸ ಜೋತುಬಿದ್ದಂಗೆ ಕಾಣುತ್ತೆ. ಅದಕ್ಕೇ ಎಷ್ಟೋ ಮನೆಯಲ್ಲಿ ಪೊರಕೆಯಿಂದ ಕೆಡವಿಬಿಡ್ತಾರೆ. ನೀವು ಮೂಲೆಯ ಜೇಡರಬಲೆ ಒಂದೆರಡನ್ನು ಹಾಗೇ ಬಿಡಿ.

ಟೈಲ್ಸ್ ಬೇಡವೇ ಬೇಡ. ಗಿಡದ ಬುಡದ ತರಗೆಲೆ ಕಸ ಅಲ್ಲ, ಅದರೊಳಗೆ ಹುಳು ಇರುತ್ತೆ. ಕಾಳು ತಿನ್ನೋ ಗುಬ್ಬಿ ಕೂಡ ಎಳೆ ಮರಿಗೆ ಹುಳುವನ್ನೇ ತಿನ್ನಿಸುತ್ತೆ. ಹುಳು ಹೋದರೆ ಮರಿಯೂ ಇಲ್ಲ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲಿಗೆ ಕಾದ ಟೈಲ್ಸ್ ಮೇಲೆ ನೀವೂ ಕಾಲಿಡೋಕಾಗಲ್ಲ. ಸ್ಕೂಟರ್ ನಿಲ್ಲೋಕೆ ಬೇಕಾದಷ್ಟು ಕಲ್ಲು ಹಾಸಿಸಿ, ಉಳಿದಿದ್ದು ಮಣ್ಣಾಗಿಯೇ ಇರಲಿ. ಕರಿಬೇವು ಹಣ್ಣು ಬಿಟ್ಟರೆ ಕೋಗಿಲೆ, ಪಿಕಳಾರ ಬರ್ತವೆ. ನುಗ್ಗೆ ಹೂ ಬಿಟ್ಟರೆ ಸೂರಕ್ಕಿ ಬರುತ್ತೆ. ಜಾಗ ಇದ್ದರೆ ಒಂದು ಪೇರಲ ಗಿಡ ಹಾಕಿ. ಔಷಧಿ ಹೊಡೀಬೇಡಿ.

ಪಿಕಳಾರದ ಗೂಡನ್ನು ಮುಟ್ಟದೆ ಬಿಡಿ. ಮೊಟ್ಟೆ ಒಡೆಯೋಕೆ ಸುಮಾರು ಎರಡು ವಾರ, ಮರಿ ಹಾರೋಕೆ ಇನ್ನೆರಡು ವಾರ. ಅಲ್ಲೀತನಕ ದಾಸವಾಳ ಕತ್ತರಿಸಬೇಡಿ, ಓಡಾಡೋಕೆ ಆದಷ್ಟು ಹಿಂಬಾಗಿಲು ಬಳಸಿ. ಮೊಬೈಲ್ ಹಿಡಿದು ಫೋಟೋಗೆ ಬಗ್ಗಬೇಡಿ, ಅದನ್ನೇ ನೋಡಿಕೊಂಡು ಕಾಗೆ ಗೂಡಿನ ದಾರಿ ಹಿಡಿಯುತ್ತೆ. ಪುಕ್ಕ ಬಂದ ಮರಿ ನೆಲಕ್ಕೆ ಬಿದ್ದಿದ್ದರೆ ಎತ್ತಿ ಹತ್ತಿರದ ಗಿಡದ ಮೇಲೆ ಕೂರಿಸಿ, ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಬಂದೇ ಬರುತ್ತೆ, ಗುಟುಕು ಕೊಡುತ್ತೆ.

ಮಂಡಕ್ಕಿ ಬಿಟ್ಟುಬಿಡಿ. ದಾವಣಗೆರೆಯವರಿಗೆ ಈ ಮಾತು ಹೇಳೋದು ಕಷ್ಟ, ಆದರೆ ಅದರಲ್ಲಿ ಉಪ್ಪಿರುತ್ತೆ. ಹಾಕಲೇಬೇಕು ಅನ್ನಿಸಿದರೆ ಒಂದು ಹಿಡಿ ನವಣೆಯೋ ಸಜ್ಜೆಯೋ ಹಾಕಿ, ಜಾಸ್ತಿ ಬೇಡ. ರಾಶಿ ಹಾಕಿದರೆ ಪಾರಿವಾಳ ಬಂದು ಉಳಿದವನ್ನು ಓಡಿಸ್ತವೆ, ರಾತ್ರಿ ಇಲಿ ಬರುತ್ತೆ. ಕಾಳಿಗಿಂತ ನೀರು ಮುಖ್ಯ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ನಡುವೆ ಕಾಲೂರೋಕೆ ಒಂದು ಕಲ್ಲು ಇಡಿ. ಬೆಕ್ಕು ಅಡಗಿ ಕೂರೋ ಪೊದೆಯಿಂದ ದೂರ ಇರಲಿ. ದಿನಾ ನೀರು ಚೆಲ್ಲಿ, ತಟ್ಟೆಯ ಅಂಚನ್ನು ನಾರಿನಿಂದ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಆ ಅಂಚಿಗೇ.

ಇನ್ನು ಮೊಮ್ಮಗಳ ಗಿಳಿ. ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮಾರಾಟಕ್ಕೆ ಬರೋ ಮರಿಗಳನ್ನು ಪೊಟರೆಯಿಂದ ಕಿತ್ತು ತಂದಿರ್ತಾರೆ, ಎಷ್ಟೋ ದಾರಿಯಲ್ಲೇ ಸಾಯ್ತವೆ. ಅವಳಿಗೆ ಇದನ್ನು ಮುಚ್ಚಿಡದೆ ಹೇಳಿ, ಮಕ್ಕಳಿಗೆ ಅರ್ಥ ಆಗುತ್ತೆ. ಆಮೇಲೆ ಒಂದು ನೋಟ್‌ಬುಕ್ ಕೊಡಿಸಿ. ಬೆಳಿಗ್ಗೆ ನಿಮ್ಮ ಪಕ್ಕ ಕೂತು ಯಾವ ಹಕ್ಕಿ ಬಂತು, ಏನು ತಿಂತು ಅಂತ ಬರೀಲಿ. ರಜೆಯಲ್ಲಿ ಅಪ್ಪನ ಜೊತೆ ಕೊಂಡಜ್ಜಿ ಕೆರೆಗೂ ಹೋಗಿ ಬರಲಿ. ಅವಳ ಪಟ್ಟಿಯನ್ನು ನಮಗೂ ಕಳಿಸಿ, ಪತ್ರಿಕೆಯಲ್ಲಿ ಹಾಕ್ತೀವಿ.

– ಸಂಪಾದಕ