ಗಿಡ್ಡ ಬಿಲ್ಲಿನ ಹೆದೆಯನ್ನು ಮೂರು ಬೆರಳಿನಿಂದ ಎಳೆಯಬೇಕೇ, ಹೆಬ್ಬೆರಳಿನಿಂದ ಎಳೆಯಬೇಕೇ?

ನಿಮ್ಮ ಬಿಲ್ಲು 48 ಇಂಚು ಉದ್ದದ್ದು, 30 ಪೌಂಡ್ ಬಿಗಿಯದ್ದು, ಬಾಣ ಕೂರಿಸಲು ಪ್ರತ್ಯೇಕ ಆಸರೆಯಿಲ್ಲದ್ದು ಎಂದು ಬರೆದಿದ್ದೀರಿ. ಚಿಂತಾಮಣಿಯ ಬಳಿಯ ನಿಮ್ಮ ಹೊಲದಲ್ಲಿ ತೋರುಬೆರಳನ್ನು ಬಾಣದ ಮೇಲೆ, ನಡುಬೆರಳು ಮತ್ತು ಉಂಗುರ ಬೆರಳನ್ನು ಬಾಣದ ಕೆಳಗೆ ಇಟ್ಟು ಎಳೆಯುತ್ತಿದ್ದೀರಿ. ಸ್ವಲ್ಪ ಹೊತ್ತಿನಲ್ಲೇ ತೋರುಬೆರಳೂ ಉಂಗುರ ಬೆರಳೂ ಜೋಮು ಹಿಡಿಯುತ್ತವೆ, ಹೆದೆ ಪೂರ್ತಿ ಹಿಂದಕ್ಕೆ ಬರುವಷ್ಟರಲ್ಲಿ ಬಾಣ ಬಿಲ್ಲಿನಿಂದ ಆಚೆಗೆ ಜಾರಿ ಬೀಳುತ್ತದೆ. ಮೂರು ಬೆರಳನ್ನೂ ಕೆಳಗಿಡಿ ಎಂದು ಒಬ್ಬರು, ಹೆಬ್ಬೆರಳೇ ನಮ್ಮ ದೇಶದ ಪದ್ಧತಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ತುಮಕೂರಿನ ಹೊರವಲಯದಲ್ಲಿ, ತೆಂಗಿನ ಸಾಲುಗಳ ನಡುವೆ ರಾಗಿ ಹುಲ್ಲಿನ ಕಟ್ಟುಗಳನ್ನು ಗುರಿಯಾಗಿ ನಿಲ್ಲಿಸಿಕೊಂಡು ಉದ್ದ ಮತ್ತು ಗಿಡ್ಡ ಬಿಲ್ಲುಗಳೆರಡನ್ನೂ ಬಳಸುತ್ತೇನೆ, ಅಕ್ಕಪಕ್ಕದ ಮಕ್ಕಳಿಗೂ ಕಲಿಸುತ್ತೇನೆ. ನಿಮ್ಮ ಬಿಲ್ಲಿಗೆ ಹೆಬ್ಬೆರಳಿನ ಹಿಡಿತವೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕಾರಣ ದೇಶವಲ್ಲ, ಬಿಲ್ಲಿನ ಉದ್ದ.

ಒಂದು ಪರೀಕ್ಷೆ ಮಾಡಿ ನೋಡಿ. ಬಾಣ ಹೂಡಿ, ಗುರಿಯ ಕಡೆಗೇ ಮುಖ ಮಾಡಿ ಪೂರ್ತಿ ಎಳೆದು, ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಹೆದೆ ನಿಮ್ಮ ಬೆರಳುಗಳ ಬಳಿ ಮುರಿದು ಎರಡು ಕಡೆಗೆ ಹೋಗುವ ಕೋನವನ್ನು ಗಮನಿಸಿ. ಉದ್ದನೆಯ ಬಿಲ್ಲಿನಲ್ಲಿ ಆ ಕೋನ ಅಗಲವಾಗಿರುವುದರಿಂದ ಮೂರು ಬೆರಳುಗಳೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಹೆದೆಯನ್ನು ಹಿಡಿದಿರುತ್ತವೆ. ಗಿಡ್ಡ ಬಿಲ್ಲಿನಲ್ಲಿ ಹೆದೆ ಚೂಪಾಗಿ ಮಡಚಿಕೊಳ್ಳುತ್ತದೆ. ಮೇಲಿನ ಬೆರಳನ್ನು ಕೆಳಕ್ಕೆ, ಕೆಳಗಿನ ಬೆರಳನ್ನು ಮೇಲಕ್ಕೆ ಒತ್ತಿ, ಮೂರನ್ನೂ ಬಾಣದ ಹಿಂತುದಿಯ ನಾಕ್‌ಗೆ ಅಂಟಿಸಿ ಹಿಂಡುತ್ತದೆ. ನಿಮಗೆ ಜೋಮು ಬರುತ್ತಿರುವುದು ನಡುಬೆರಳಿಗಲ್ಲ, ಅಂಚಿನ ಎರಡು ಬೆರಳುಗಳಿಗೆ ಎಂಬುದೇ ಇದಕ್ಕೆ ಸಾಕ್ಷಿ. ಜೋಮನ್ನು ಅಭ್ಯಾಸದಿಂದ ಹೋಗುತ್ತದೆ ಎಂದು ದಯವಿಟ್ಟು ತಳ್ಳಿಹಾಕಬೇಡಿ. ಬರಿ ಬೆರಳಿನಲ್ಲಿ ಎಳೆಯುತ್ತಾ ಹೋದರೆ ಬೆರಳತುದಿಯ ನರಗಳಿಗೆ ಪೆಟ್ಟಾಗಿ, ಸ್ಪರ್ಶಜ್ಞಾನ ಬಹುಕಾಲ ಮಂಕಾಗಿಯೇ ಉಳಿಯಬಹುದು. ಈಗಿನ ಜೋಮು ಪೂರ್ತಿ ಬಿಡುವವರೆಗೆ ಬಿಲ್ಲು ಮುಟ್ಟದಿರುವುದು ಒಳ್ಳೆಯದು.

ಬಾಣ ಜಾರುವುದಕ್ಕೂ ಇದೇ ಹಿಂಡುವಿಕೆ ಒಂದು ಕಾರಣ, ಇನ್ನೊಂದು ಕಾರಣ ಬೆರಳುಗಳ ಮುಷ್ಟಿ. ಭಾರ ಹೆಚ್ಚಿದಂತೆ ನಾವು ನಮಗರಿವಿಲ್ಲದೆ ಬೆರಳುಗಳನ್ನು ಒಳಕ್ಕೆ ಮಡಚಿಕೊಳ್ಳುತ್ತೇವೆ. ಆಗ ಹೆದೆ ಬೆರಳುಗಳ ಜೊತೆಯಲ್ಲೇ ತಿರುಚಿ, ಬಾಣದ ಮುಂಭಾಗ ಬಿಲ್ಲಿನಿಂದ ಹೊರಕ್ಕೆ ಸರಿಯುತ್ತದೆ. ಬೆರಳುಗಳು ಕೊಕ್ಕೆಯಾಗಿರಬೇಕು, ಮುಷ್ಟಿಯಾಗಬಾರದು. ಅಂಗೈಯ ಹಿಂಭಾಗ ಮತ್ತು ಮಣಿಕಟ್ಟು ಒಂದೇ ಸಮನಾಗಿ ಚಪ್ಪಟೆಯಾಗಿರಬೇಕು. ಎಳೆತ ಬರಬೇಕಾದದ್ದು ಬೆನ್ನಿನಿಂದ. ಇದನ್ನು ಕಣ್ಣಾರೆ ನೋಡುವ ಸುಲಭ ದಾರಿಯಿದೆ: ಒಂದಷ್ಟು ಬಾಣ ಬಿಟ್ಟ ಮೇಲೆ ಕೈಕವಚ ತೆಗೆದು ಬೆರಳಿನ ಮೇಲೆ ಮೂಡಿದ ಗೆರೆಯನ್ನು ನೋಡಿ. ಗೆರೆ ಬೆರಳತುದಿಯ ಹತ್ತಿರದ ಗೆಣ್ಣಿನ ಮಡಿಕೆಯಲ್ಲಿ ತೆಳುವಾಗಿದ್ದರೆ ಹಿಡಿತ ಸರಿಯಿದೆ. ಬೆರಳತುದಿಯ ಮೆತ್ತನೆಯ ಭಾಗದಲ್ಲಿದ್ದರೆ, ಜಾರುವ ಹೆದೆಯನ್ನು ತಡೆಯಲು ಮುಂಗೈ ಬಿಗಿಯಾಗುತ್ತಿದೆ ಎಂದರ್ಥ, ಮತ್ತು ಅಂಥ ಕೈ ಹೆದೆಯನ್ನು ಎಂದಿಗೂ ನಿರಾಳವಾಗಿ ಬಿಡಲಾರದು.

ಮೂರು ಬೆರಳನ್ನೂ ಬಾಣದ ಕೆಳಗಿಡುವ ಹಿಡಿತ ಒಳ್ಳೆಯದೇ. ಬಾಣ ಕಣ್ಣಿನ ಹತ್ತಿರಕ್ಕೆ ಬರುವುದರಿಂದ ಹತ್ತಿಪ್ಪತ್ತು ಮೀಟರ್ ದೂರದ ಗುರಿಗೆ ಬಾಣದ ಮೇಲಿಂದಲೇ ನೋಡಿ ಬಿಡಬಹುದು. ಗುರಿಕಿಂಡಿಯಿಲ್ಲದ ಬೇರ್‌ಬೋ ಸ್ಪರ್ಧೆಗಳಲ್ಲಿ ಅನೇಕರು ಇದನ್ನೇ ಬಳಸುತ್ತಾರೆ. ಆದರೆ ಅದು ನಾಕ್‌ನ ಹಿಂಡುವಿಕೆಯನ್ನು ತಪ್ಪಿಸಿದರೂ ಮೂರು ಬೆರಳು ಒಂದರ ಮೇಲೊಂದು ಒತ್ತುವುದನ್ನು ತಪ್ಪಿಸುವುದಿಲ್ಲ. ಎಳೆತದ ಭಾರ ಹೆದೆಯಲ್ಲಿ ಕೆಳಕ್ಕೆ ಇಳಿಯುವುದರಿಂದ ಬಿಲ್ಲಿನ ಎರಡು ತೋಳುಗಳ ಸಮತೋಲವೂ ಬದಲಾಗುತ್ತದೆ. 48 ಇಂಚಿನ ಬಿಲ್ಲಿಗೆ ಅದು ಮದ್ದಲ್ಲ.

ಇನ್ನು ನಮ್ಮ ಪದ್ಧತಿ ಯಾವುದು ಎಂಬ ಮಾತು. ಹೆಬ್ಬೆರಳಿನ ಪರವಾಗಿ ಏಕಲವ್ಯನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹೇಳುವುದರಲ್ಲಿ ತಪ್ಪೂ ಇಲ್ಲ. ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಿರದಿದ್ದರೆ ದ್ರೋಣರು ಕೇಳಿದ ದಕ್ಷಿಣೆಗೆ ಅಷ್ಟು ಕ್ರೂರವಾದ ಅರ್ಥವೇ ಇರುತ್ತಿರಲಿಲ್ಲ. ಆದರೆ ಸಂಸ್ಕೃತ ಮಹಾಭಾರತದ ಆದಿಪರ್ವದಲ್ಲಿ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಆಮೇಲೆ ಅವನು ಉಳಿದ ಬೆರಳುಗಳಿಂದ ಹೆದೆಯನ್ನೆಳೆದ, ಆದರೆ ಮೊದಲಿನಷ್ಟು ಚುರುಕು ಉಳಿಯಲಿಲ್ಲ ಎಂದು ಅಲ್ಲಿ ಹೇಳಿದೆ. ನನಗೆ ಈ ಸಾಲು ಬಹಳ ಮುಖ್ಯವೆನಿಸುತ್ತದೆ. ಎರಡೂ ಹಿಡಿತಗಳನ್ನು ಬಲ್ಲವರು ಮಾತ್ರ ಹಾಗೆ ಹೋಲಿಸಿ ಹೇಳಬಲ್ಲರು. ಧನುರ್ವೇದದ ಪರಂಪರೆಯಲ್ಲಿಯೂ ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರಿ, ಕಾಕತುಂಡಿ ಎಂದು ಹೆದೆ ಹಿಡಿಯುವ ಐದು ಮುಷ್ಟಿಗಳನ್ನು ಎಣಿಸಿದ್ದಾರೆ. ದೂರಕ್ಕೆ ಬಿಡಲು ಪತಾಕ, ಸೂಕ್ಷ್ಮವಾದ ಗುರಿಗೆ ಕಾಕತುಂಡಿ ಎಂದು ಉಪಯೋಗವನ್ನು ನೋಡಿ ಹಂಚಿದ್ದಾರೆ. ಕೋಲಾರದ ಸುತ್ತಮುತ್ತಲಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರನ್ನು ನೀವೂ ನೋಡಿರಬಹುದು. ಆದರೆ ಅಷ್ಟು ಚಿಕ್ಕ, ಸವೆದ ಶಿಲ್ಪದಲ್ಲಿ ಬೆರಳುಗಳ ವಿವರ ಹುಡುಕಿ ವಾದ ಕಟ್ಟುವುದು ಸರಿಯಲ್ಲ. ಹೊರದೇಶದಲ್ಲಿ ಈ ವಿಷಯವನ್ನು ಕ್ರಮವಾಗಿ ವಿಂಗಡಿಸಿದವರು ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು. ಜಪಾನಿನಲ್ಲಿ ಕೆಲಸ ಮಾಡಿ ಬಂದ ಅವರು 1885ರಲ್ಲಿ ಪ್ರಕಟಿಸಿದ ಬರಹದಲ್ಲಿ ಮೂರು ಬೆರಳಿನ ಹಿಡಿತವನ್ನು ಮೆಡಿಟರೇನಿಯನ್ ಎಂದೂ ಹೆಬ್ಬೆರಳಿನದನ್ನು ಮಂಗೋಲಿಯನ್ ಎಂದೂ ಕರೆದರು. ನಾಕ್‌ಅನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಹಿಡಿಯುವ ಬಗೆಗಳನ್ನು ಬೇರೆಯಾಗಿ ಇಟ್ಟರು. ಚಿವುಟುವ ಹಿಡಿತ ಮಕ್ಕಳ ಬಿದಿರು ಬಿಲ್ಲಿಗೆ ಸಾಕು, 30 ಪೌಂಡಿಗೆ ಸಾಲದು.

1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳು ಸುಮಾರು 2 ಮೀಟರ್ ಉದ್ದದವು. ಅಂಥ ಬಿಲ್ಲಿಗೆ ಬೆರಳುಗಳ ಹಿಡಿತ ಸಹಜ. ಕುದುರೆಯ ಮೇಲೆ ಕುಳಿತು ಗಿಡ್ಡ ಬಿಲ್ಲು ಬಳಸಿದ ತುರ್ಕರು, ಮಂಗೋಲರು, ಮೊಘಲರು ಹೆಬ್ಬೆರಳನ್ನು ಬಳಸಿದರು. ಜಪಾನಿನ ಯೂಮಿ ಎಂಬ ಬಿಲ್ಲು 2 ಮೀಟರಿಗೂ ಹೆಚ್ಚು ಉದ್ದವಿದ್ದರೂ ಹೆಬ್ಬೆರಳಿನಿಂದಲೇ ಎಳೆಯುತ್ತಾರೆ. ಅಂದರೆ ಹೆಬ್ಬೆರಳು ಉದ್ದ ಬಿಲ್ಲಿಗೂ ಒಗ್ಗುತ್ತದೆ, ಮೂರು ಬೆರಳು ಮಾತ್ರ ಗಿಡ್ಡ ಬಿಲ್ಲಿಗೆ ಒಗ್ಗುವುದಿಲ್ಲ.

ಹೆಬ್ಬೆರಳಿನ ಹಿಡಿತದಲ್ಲಿ ಎಲ್ಲಕ್ಕಿಂತ ಮೊದಲು ಬದಲಾಗಬೇಕಾದದ್ದು ಬಾಣದ ಜಾಗ. ಬಲಗೈಯಿಂದ ಎಳೆಯುವವರು ಮೂರು ಬೆರಳಿಗೆ ಬಾಣವನ್ನು ಬಿಲ್ಲಿನ ಎಡಕ್ಕೆ ಇಡುತ್ತಾರೆ, ಹೆಬ್ಬೆರಳಿಗೆ ಬಲಕ್ಕೆ ಇಡಬೇಕು. ಬಿಲ್ಲು ಹಿಡಿದ ಎಡಗೈಯ ಹೆಬ್ಬೆರಳ ಮೇಲೆ ಬಾಣ ಕೂರುತ್ತದೆ. ಬಲಗೈಯ ಹೆಬ್ಬೆರಳನ್ನು ನಾಕ್‌ನ ಕೆಳಗೆ ಹೆದೆಗೆ ಕೊಕ್ಕೆಯಾಗಿ ಹಾಕಿ, ಅದರ ತುದಿಯ ಮೇಲೆ ತೋರುಬೆರಳನ್ನು ಚಿಲಕ ಹಾಕಿದಂತೆ ಮಡಚಿಡಿ. ಉಳಿದ ಮೂರು ಬೆರಳು ಅಂಗೈಯೊಳಗೆ ಸಡಿಲವಾಗಿರಲಿ. ಬೆರಳಲ್ಲಿ ಸಂಖ್ಯೆ ತೋರಿಸುವ ಹಳೆಯ ಎಣಿಕೆಯಲ್ಲಿ ಈ ಮುದ್ರೆ 63 ಆಗುವುದರಿಂದ ಅರಬ್ಬರ ಬಿಲ್ಲುಗಾರಿಕೆಯಲ್ಲಿ ಇದಕ್ಕೆ ಅರವತ್ತಮೂರು ಎಂದೇ ಹೆಸರು. ಅಂಗೈ ನೆಲದ ಕಡೆಗೆ ವಾಲುವಂತೆ ಮುಂಗೈಯನ್ನು ಸ್ವಲ್ಪವೇ ತಿರುಗಿಸಿದರೆ ತೋರುಬೆರಳಿನ ಬುಡ ಬಾಣವನ್ನು ಬಿಲ್ಲಿಗೆ ಮೆಲ್ಲಗೆ ಒತ್ತುತ್ತದೆ, ಬಾಣ ಬೀಳುವ ನಿಮ್ಮ ತೊಂದರೆ ಅಲ್ಲಿಗೆ ಮುಗಿಯುತ್ತದೆ. ತೋರುಬೆರಳು ಹೆಬ್ಬೆರಳನ್ನು ಒತ್ತಬೇಕೇ ಹೊರತು ಹೆದೆಯನ್ನಲ್ಲ. ಹೆದೆಯ ಮೇಲೆ ಒತ್ತಿದರೆ ಬಿಡುವಾಗ ಚರ್ಮ ಸುಲಿಯುತ್ತದೆ.

ಬರಿ ಹೆಬ್ಬೆರಳಿನಲ್ಲಿ 30 ಪೌಂಡ್ ಎಳೆಯಬೇಡಿ. ಆರಂಭಕ್ಕೆ ಮೆತ್ತನೆಯ ಆದರೆ ದಪ್ಪವಾದ ಚರ್ಮದ ಉಂಗುರ ಸಾಕು. ನಿಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಕೊಂಬಿನ ಅಥವಾ ಲೋಹದ ಗಟ್ಟಿ ಉಂಗುರ ಕೊಳ್ಳುವುದಾದರೆ, ಅಡ್ಡಲಾಗಿ ಗೆಣ್ಣು ದಾಟಿಸಿ ನೇರಕ್ಕೆ ತಿರುಗಿಸಿದಾಗ ಕೈ ಕೊಡವಿದರೂ ಬೀಳದಂತಿರಬೇಕು. ಬಿಸಿಲಿಗೆ ಬೆರಳು ಊದಿಕೊಳ್ಳುವುದರಿಂದ ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ಹಾಕಿ ನೋಡಿಯೇ ಅಳತೆ ನಿರ್ಧರಿಸಿ. ಬಾಣ ಈಗ ಎಡಗೈಯ ಚರ್ಮಕ್ಕೆ ತಾಗಿಕೊಂಡೇ ಹಾಯುವುದರಿಂದ ಗರಿಯ ಮುಂದಿನ ಮೊನೆಯನ್ನು ನೂಲು ಸುತ್ತಿ ನುಣುಪು ಮಾಡಿ. ಇಲ್ಲದಿದ್ದರೆ ಅದು ಹೆಬ್ಬೆರಳನ್ನು ಗೀರಿಕೊಂಡು ಹೋಗುತ್ತದೆ.

ಸಾಧ್ಯವಾದರೆ 20 ಪೌಂಡಿನ ಬಿಲ್ಲನ್ನು ಎರವಲು ತಂದು ಹೊಸ ಹಿಡಿತ ಕಲಿಯಿರಿ. ಹುಲ್ಲಿನ ಕಟ್ಟಿನಿಂದ ಐದು ಮೀಟರ್ ದೂರದಲ್ಲಿ ನಿಂತು, ಗುರಿಯ ಚಿಂತೆ ಬಿಟ್ಟು, ಹೆಬ್ಬೆರಳು ಸಡಿಲವಾಗುವ ಕ್ಷಣವನ್ನಷ್ಟೇ ಗಮನಿಸಿ. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವ ಅಭ್ಯಾಸ ಮಾತ್ರ ಬೇಡ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ತೋಳುಗಳಿಗೇ ತಿರುಗಿ ಬಿಲ್ಲು ಸೀಳಬಹುದು. ಮುಂದೆ ಸ್ಪರ್ಧೆಗೆ ಹೋಗುವ ಆಸೆಯೂ ಇದೆ ಎಂದಿದ್ದೀರಿ. ಒಲಿಂಪಿಕ್ ಮಾದರಿಯ ರಿಕರ್ವ್ ಬಿಲ್ಲು ಸಾಮಾನ್ಯವಾಗಿ 66ರಿಂದ 70 ಇಂಚಿನದು, ಅದನ್ನು ಮೂರು ಬೆರಳಿನಿಂದಲೇ ಕಲಿಸುತ್ತಾರೆ. ಆ ದಾರಿ ಹಿಡಿಯುವುದಾದರೆ ಅದಕ್ಕೆ ತಕ್ಕ ಉದ್ದದ ಬಿಲ್ಲನ್ನೇ ತೆಗೆದುಕೊಳ್ಳಿ, ಈ ಗಿಡ್ಡ ಬಿಲ್ಲಿನ ಮೇಲೆ ಆ ಹಿಡಿತದ ಅಭ್ಯಾಸ ಮಾಡಬೇಡಿ.