ನೀವು ಕೇಳಿದ್ದೀರಿ: ಬಿಸಿಲು ನೋಡಿ ಸಮುದ್ರಕ್ಕೆ ಇಳಿಯಬಹುದಾ?

ಪ್ರಶ್ನೆ: ನನ್ನ ಮಗಳು ಅಂಕೋಲಾ, ಕಾರವಾರದ ಸಮುದ್ರದಲ್ಲೇ ಈಜಿ ಬೆಳೆದವಳು. ಬರುವ ಸೆಪ್ಟೆಂಬರಿನಲ್ಲಿ ಓದಲು ಐರ್ಲೆಂಡಿನ ಡಬ್ಲಿನ್‌ಗೆ ಹೋಗುತ್ತಿದ್ದಾಳೆ. ಅಲ್ಲೂ ಸಮುದ್ರ ಇದೆಯಲ್ಲ, ಈಜು ಬಿಡೋದಿಲ್ಲ ಅಂತ ಹಟ ಹಿಡಿದಿದ್ದಾಳೆ. ಅಲ್ಲಿನ ನೀರು ಯಾವ ತಿಂಗಳು ಎಷ್ಟು ತಣ್ಣಗಿರುತ್ತದೆ? ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿದರೆ ಚಳಿ ತಾಗೋದಿಲ್ಲ ಅಂತ ಅವಳ ಅಜ್ಜಿ ಹೇಳುತ್ತಾರೆ, ಹೌದಾ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ಎಣ್ಣೆಯಿಂದಲೇ ಶುರು ಮಾಡೋಣ. ಶಿರಸಿ ಕಡೆ ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಬಾಟಲಿ ಬೋರಲು ಹಿಡಿದರೂ ಒಂದು ಹನಿ ಬೀಳೋದಿಲ್ಲ, ಅಲ್ವಾ? ಬಚ್ಚಲ ಒಲೆಯ ಪಕ್ಕ ಇಟ್ಟು ಕರಗಿಸಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಬ್ಲಿನ್ ಕೊಲ್ಲಿಯ ನೀರು ವರ್ಷದ ಅತಿ ಬೆಚ್ಚಗಿನ ದಿನವೂ 24ರ ಹತ್ತಿರ ಬರೋದಿಲ್ಲ. ಎಣ್ಣೆ ಹಚ್ಚಿದರೆ ಉಪ್ಪುನೀರಲ್ಲಿ ಕಂಕುಳು, ಕುತ್ತಿಗೆ ಉಜ್ಜಿ ಉರಿಯೋದು ತಪ್ಪುತ್ತದೆ, ಅಷ್ಟೇ. ಇಂಗ್ಲಿಷ್ ಕಾಲುವೆ ಈಜುವವರು ಮೈಗೆ ಗ್ರೀಸ್ ಬಳಿದುಕೊಳ್ಳೋದೂ ಮುಖ್ಯವಾಗಿ ಅದಕ್ಕೇ. ಚಳಿ ತಡೆಯೋಕೆ ಅಲ್ಲ.

ಈಗ ತಿಂಗಳ ಲೆಕ್ಕ. ಅಲ್ಲಿ ನೀರು ಅತಿ ತಣ್ಣಗಿರೋದು ಫೆಬ್ರವರಿ–ಮಾರ್ಚಿನಲ್ಲಿ, ಸುಮಾರು 8 ಡಿಗ್ರಿ. ಮೇ ತಿಂಗಳಲ್ಲಿ 10–11. ಜೂನ್ ಕೊನೆಗೆ 13ರ ಸುತ್ತ. ಆಗಸ್ಟಿನಲ್ಲಿ 15ರ ಆಸುಪಾಸು, ಅದೇ ಹೆಚ್ಚು. ಆಮೇಲೆ ನಿಧಾನಕ್ಕೆ ಇಳಿದು ಡಿಸೆಂಬರಿಗೆ 10ಕ್ಕೆ ಬರುತ್ತದೆ. ನಮ್ಮ ಕಾರವಾರದ ನೀರು ಡಿಸೆಂಬರ್–ಜನವರಿಯಲ್ಲೂ 27–28 ಇರುತ್ತದೆ. ಅಂದರೆ ನಿಮ್ಮ ಮಗಳು ಚಳಿನೀರು ಅಂತ ತಿಳಿದುಕೊಂಡಿರೋದು ಅಲ್ಲಿನವರಿಗೆ ಸ್ನಾನದ ನೀರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸಮುದ್ರ ಬಿಸಿಲಿನ ಹಿಂದೆ ಒಂದೆರಡು ತಿಂಗಳು ತಡವಾಗಿ ನಡೆಯುತ್ತದೆ, ಅಷ್ಟೊಂದು ನೀರು ಕಾಯೋಕೂ ಆರೋಕೂ ಟೈಮ್ ಬೇಕು. ಅದಕ್ಕೇ ಅಲ್ಲಿ ಮೇ ತಿಂಗಳ ಒಳ್ಳೆ ಬಿಸಿಲಿನ ದಿನ ಮೋಸ ಮಾಡುತ್ತದೆ. ದಡದಲ್ಲಿ 18 ಡಿಗ್ರಿ, ಜನ ತೋಳಿಲ್ಲದ ಅಂಗಿಯಲ್ಲಿ ಕೂತಿರುತ್ತಾರೆ, ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ.

ನಾನು ಇಳಿದದ್ದೂ ಅಂಥದ್ದೇ ಒಂದು ದಿನ. ಡಬ್ಲಿನ್‌ನ ದಕ್ಷಿಣಕ್ಕೆ ಸ್ಯಾಂಡಿಕೋವ್‌ನಲ್ಲಿ ಫಾರ್ಟಿ ಫೂಟ್ ಅಂತ ಬಂಡೆಗಳ ನಡುವೆ ಈಜುವ ಜಾಗ ಇದೆ. ಜನ ವರ್ಷವಿಡೀ ಈಜುತ್ತಾರೆ, ಕ್ರಿಸ್‌ಮಸ್ ದಿನವಂತೂ ಜಾತ್ರೆ. ಮೆಟ್ಟಿಲ ಕಂಬಿ ಹಿಡಿದು ಸೊಂಟದವರೆಗೆ ಇಳಿದೆ, ಪರವಾಗಿಲ್ಲ ಅನ್ನಿಸಿತು, ಎದೆ ಮುಳುಗಿತು ನೋಡಿ, ಉಸಿರು ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಒಂದರ ಮೇಲೊಂದು ಒಳಗೇ ಎಳೆಯುತ್ತಿತ್ತು. ಪಕ್ಕದಲ್ಲಿ ಈಜುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನ ಮುಖ ನೋಡಿ, ಉಸಿರು ಬಿಡು, ಊದು, ಅಂತ ಬಾಯಲ್ಲಿ ಊದಿ ತೋರಿಸಿದರು. ಊದಿದೆ. ಒಂದು ನಿಮಿಷಕ್ಕೆ ಹತೋಟಿಗೆ ಬಂತು. ಮೇಲೆ ಬಂದ ಮೇಲೆ ಶರ್ಟಿನ ಗುಂಡಿ ಹಾಕಲು ಹೋದರೆ ಹೆಬ್ಬೆರಳು ತೋರುಬೆರಳಿಗೆ ತಾಗುತ್ತಿರಲಿಲ್ಲ.

ಇದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ದಿಢೀರ್ ಇಳಿದರೆ ಯಾರಿಗಾದರೂ ಆಗುತ್ತದೆ, ಎಷ್ಟು ಚೆನ್ನಾಗಿ ಈಜುತ್ತೀರಿ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಏದುಸಿರಿನಲ್ಲಿ ತಲೆ ಮುಳುಗಿದರೆ ನೀರು ಒಳಗೆ ಹೋಗುತ್ತದೆ. ಹಾಗಾಗಿ ಮೊದಲ ಒಂದೆರಡು ನಿಮಿಷ ಈಜೋದೇ ಬೇಡ, ಕಂಬಿ ಹಿಡಿದು ನಿಲ್ಲಲಿ, ಇಲ್ಲವೇ ಬೆನ್ನ ಮೇಲೆ ತೇಲಲಿ. ಆಮೇಲಿನ ತೊಂದರೆ ಕೈಕಾಲಿಂದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆಯುತ್ತದೆ. ಹತ್ತು–ಹದಿನೈದು ನಿಮಿಷಕ್ಕೆ ಕೈ ಸೋಲುತ್ತದೆ, ಮೈಯ ಒಳಗಿನ ಬಿಸಿ ಇನ್ನೂ ಸರಿಯಾಗೇ ಇರುತ್ತದೆ, ಆದರೆ ದಡಕ್ಕೆ ಬರಲು ಬೇಕಾದದ್ದು ಕೈಯೇ ತಾನೇ?

ಒಳ್ಳೆ ವಿಷಯ ಅಂದರೆ ಮೈ ಬೇಗ ಕಲಿಯುತ್ತದೆ. ಮೂರು ಮೂರು ನಿಮಿಷದ ಹಾಗೆ ಐದಾರು ಸಲ ಇಳಿದರೆ ಆ ಏದುಸಿರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಮಗಳು ಸೆಪ್ಟೆಂಬರಿಗೆ ಹೋಗುತ್ತಿರೋದು ಅದೃಷ್ಟ, ಆಗ ನೀರು ಇನ್ನೂ 14–15 ಇರುತ್ತದೆ. ಮೊದಲ ವಾರದಿಂದಲೇ ವಾರಕ್ಕೆರಡು ಸಲ, ದಿನಾ ಈಜುವ ಸ್ಥಳೀಯರ ಜೊತೆ ಸ್ವಲ್ಪ ಸ್ವಲ್ಪವೇ ಇಳಿಯಲಿ. ನೀರು ತಣ್ಣಗಾಗುತ್ತಾ ಹೋದ ಹಾಗೆ ಮೈಯೂ ಒಗ್ಗುತ್ತದೆ. ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಶುರು ಮಾಡ್ತೀನಿ ಅಂದರೆ ಮಾತ್ರ ಬೇಡ ಅನ್ನಿ. ಚಳಿ ತಡೆಯುವ ರಬ್ಬರಿನಂಥ ಈಜುಡುಪು, ವೆಟ್‌ಸೂಟ್, ಹಾಕಿಕೊಳ್ಳಲು ನಾಚಿಕೆ ಬೇಡ, ಒಂಟಿಯಾಗಿ ಯಾವತ್ತೂ ಬೇಡ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಅವಳಿಗೆ ಓದಿ ಹೇಳಿ. ದಡಕ್ಕೆ ಬಂದ ಮೇಲೂ ಹತ್ತಿಪ್ಪತ್ತು ನಿಮಿಷ ಮೈಯ ಒಳಬಿಸಿ ಇಳಿಯುತ್ತಲೇ ಇರುತ್ತದೆ. ನಡುಕ ಶುರುವಾಗೋದೂ ಸಾಮಾನ್ಯವಾಗಿ ಆಗಲೇ. ತಕ್ಷಣ ಬಿಸಿನೀರು ಹೊಯ್ದುಕೊಂಡರೆ ತಲೆತಿರುಗಿ ಬೀಳಬಹುದು. ಮೈ ಒರೆಸಿ, ಮೊದಲು ಸೊಂಟದ ಮೇಲಿನ ಮೈಗೆ ಒಣ ಬಟ್ಟೆ, ಟೊಪ್ಪಿ, ಆಮೇಲೆ ಬಿಸಿ ಚಹಾ. ಫ್ಲಾಸ್ಕಿನ ಮುಚ್ಚಳ ನೀರಿಗೆ ಇಳಿಯುವ ಮೊದಲೇ ಸಡಿಲ ಮಾಡಿಟ್ಟಿರಲಿ.

ಪ್ರಶ್ನೆ: ಮೇ ತಿಂಗಳಲ್ಲಿ ಕಾರವಾರದ ಟಾಗೋರ್ ಬೀಚಿನಲ್ಲಿ ಉದ್ದಕ್ಕೆ ಈಜುವ ಅಭ್ಯಾಸ ಮಾಡುತ್ತೇನೆ. ಬೆಚ್ಚಗಿನ ನೀರಲ್ಲಿ ಅಪಾಯ ಇಲ್ಲವಲ್ಲ?
– ಓದುಗರು, ಕಾರವಾರ

ಉತ್ತರ: ಇದೆ. ಏಪ್ರಿಲ್–ಮೇಯಲ್ಲಿ ನಮ್ಮ ನೀರು 30ರ ಮೇಲೆ ಹೋಗುತ್ತದೆ. ಅಂತಾರಾಷ್ಟ್ರೀಯ ತೆರೆದ ನೀರಿನ ಸ್ಪರ್ಧೆಗಳಿಗೆ ಕೆಳಗಿನ ಮಿತಿ 16 ಡಿಗ್ರಿ, ಮೇಲಿನ ಮಿತಿ 31. ಅಂದರೆ ನೀವು ಮೇಲಿನ ಗೆರೆಯ ಹತ್ತಿರವೇ ಈಜುತ್ತಿದ್ದೀರಿ. 2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ ಬೆಚ್ಚಗಿನ ಸಮುದ್ರದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪನ್ ತೀರಿಕೊಂಡರು, ವಯಸ್ಸು ಬರೀ 26. ನೀರೊಳಗೆ ಬೆವರುವುದು ಗೊತ್ತಾಗೋದಿಲ್ಲ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಬೆಳಕು ಹರಿಯುತ್ತಲೇ ಇಳಿದು ಎಂಟರೊಳಗೆ ಮುಗಿಸಿ. ಅರ್ಧ ಗಂಟೆಗೊಮ್ಮೆ ದಡಕ್ಕೆ ಬಂದು ನೀರು ಕುಡಿಯಿರಿ, ಎಳನೀರಾದರೆ ಇನ್ನೂ ಒಳ್ಳೆಯದು. ತಲೆನೋವು, ಓಕರಿಕೆ ಬಂದರೆ ಆ ದಿನಕ್ಕೆ ಸಾಕು.

ಪ್ರಶ್ನೆ: ನಾನು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಕೆರೆಯಲ್ಲಿ ಈಜು ಕಲಿತವನು. ಜುಲೈನಲ್ಲಿ ಗೋಕರ್ಣಕ್ಕೆ ಬಂದಾಗ ಸಮುದ್ರದಲ್ಲಿ ಈಜಬೇಕೆಂದಿದೆ.
– ಓದುಗರು, ಶಿರಸಿ

ಉತ್ತರ: ಜುಲೈನಲ್ಲಿ ಬೇಡವೇ ಬೇಡ. ಇಲ್ಲಿ ತೊಂದರೆ ಚಳಿಯದ್ದಲ್ಲ, ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆದ್ದು ಸಮುದ್ರ ಸ್ವಲ್ಪ ತಂಪಾಗುತ್ತದೆ ನಿಜ, ಅದು ಮೈಗೆ ಹಿತವೇ. ತೊಂದರೆ ಅಲೆ ಮತ್ತು ಒಳಸೆಳೆತದ್ದು. ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಅಷ್ಟು ದೊಡ್ಡ ಯಾಂತ್ರಿಕ ದೋಣಿಗಳೇ ಲಂಗರು ಹಾಕಿ ನಿಂತಿರುತ್ತವೆ. ಅದು ಮೀನಿನ ಮರಿಗಳನ್ನು ಉಳಿಸುವ ನಿಷೇಧವೂ ಹೌದು, ಆ ಸಮುದ್ರಕ್ಕೆ ಹೋಗದಿರುವ ಹಳೆ ರೂಢಿಯೂ ಹೌದು. ಕೆರೆಯ ನೀರು ನಿಮ್ಮನ್ನು ಎಲ್ಲಿಗೂ ಎಳೆದುಕೊಂಡು ಹೋಗೋದಿಲ್ಲ, ಸಮುದ್ರ ಎಳೆಯುತ್ತದೆ. ಶ್ರಾವಣದ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಕೊಡುತ್ತಾರಲ್ಲ, ಆಮೇಲೂ ಒಂದೆರಡು ತಿಂಗಳು ಬಿಡಿ. ನವೆಂಬರಿನಲ್ಲಿ ಬನ್ನಿ. ಯಾವತ್ತಾದರೂ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರೀಜಬೇಡಿ, ಕೈ ಸೋಲುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಅಗಲ ಕಡಿಮೆ, ಅದರಿಂದ ಹೊರಬಿದ್ದ ಮೇಲೆ ದಡಕ್ಕೆ ತಿರುಗಿ. ಸೋರೆಬುರುಡೆ ಕಟ್ಟಿ ಅಭ್ಯಾಸ ಇರುವವರಿಗೆ ತೇಲುವುದು ಗೊತ್ತೇ ಇದೆ, ಸುಸ್ತಾದಾಗ ಬೆನ್ನ ಮೇಲೆ ಮಲಗಿ ಒಂದು ಕೈ ಎತ್ತಿ ಬೀಸಿ.